ಸುಂದ್ರಿಯ ಸಾಲಿ ರೊಕ್ಕ

ಸಗರ
೧೩-೪-೧೯೯೯, ಮಂಗಳವಾರ

ನನ್ನ ಹಿರಿ ಮಗಳು ಮಲ್ಲಿಕಮ್ಮಳಿಗೆ,

ಸಗರದಿಂದ ನಿನ್ನ ಅವ್ವ ದೇವಕ್ಕ ಬರೆಯುತ್ತಿದ್ದೇನೆ. ನಾನೂ ನಿನ್ನ ತಂಗಿ ಸುಂದ್ರಿಯೂ ಇದ್ದೇವೆ. ನೀನು, ಅಳಿಯಂದಿರು, ಕೂಸು ಗಟ್ಟಿಯಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಕಾಗದ ಮೊನ್ನೆ ಬಂತು. ನಿಮ್ಮಪ್ಪ ಒಂದು ಚೀಲ ಹಿಡಿದುಕೊಂಡು ನಿನ್ನ ಮನೆಗೆ ಬಂದಿದ್ದಾನೆ, ಕರೆದರೆ ಉಣ್ಣುತ್ತಾನೆ, ಏನು ಕೇಳಿದರೂ 'ನಿಮ್ಮವ್ವನ್ನ ಕೇಳು' ಎಂದು ಗೋಡೆಯ ಕಡೆ ತಿರುಗುತ್ತಾನೆ ಎಂದು ಬರೆದಿದ್ದೀಯ. ಕೇಳಿದೆಯಲ್ಲ, ಹೇಳುತ್ತೇನೆ. ಅಂಚೆ ತಡವಾದೀತೆಂದು ಬಳೆ ಮಾರುವ ಜೈತುನಬೀ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಹೇಗೂ ನಿಮ್ಮ ಗುರುಮಠಕಲ್ ಸಂತೆಗೆ ಹೊರಟಿದ್ದಾಳೆ. ಇದನ್ನು ನಿಮ್ಮಪ್ಪನ ಎದುರಿಗೆ ಕೂತು ಗಟ್ಟಿಯಾಗಿ ಓದು. ಅವನಿಗೆ ಓದಲು ಬರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಅವನಿಗೆ ನೋವಾದೀತೆಂದು ಒಂದು ಸಾಲನ್ನೂ ಬಿಡಬೇಡ. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಕಾವಲಿಗಿದ್ದ ನಿನ್ನ ತಾತ ನನ್ನನ್ನು ಏಳನೆಯ ತರಗತಿವರೆಗೆ ಓದಿಸದಿದ್ದರೆ, ಈ ಮಾತುಗಳನ್ನು ಬರೆಸಲು ನಾನು ಯಾರ ಮುಂದೆ ಬಾಯಿ ಬಿಡಬೇಕಿತ್ತೋ.

ನೀನು ಲಗ್ನವಾಗಿ ಹೋದ ಮೇಲೆ ಸುಂದ್ರಿಯ ಓದು ಹೇಗೆ ನಡೆಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಕಾಲುವೆ ನೀರು ಹರಿದಲ್ಲೆಲ್ಲ ಬೀಜದ ಹತ್ತಿ ಬಂತು, ಅದರ ಹಿಂದೆ ಕ್ರಾಸಿಂಗ್ ಕೆಲಸ ಬಂತು. ಗಂಡು ಹೂವನ್ನು ಹೆಣ್ಣು ಹೂವಿಗೆ ಒರೆಸಲು ಸಣ್ಣ ಬೆರಳಿನ ಹುಡುಗಿಯರೇ ಬೇಕು. ನೀನು ಎಂಟನೆಯ ತರಗತಿ ಬಿಟ್ಟು ಹೋದದ್ದು ಆ ಹೊಲಗಳಿಗೇ. ಸುಂದ್ರಿಯೂ ಹೋಗುವವಳಿದ್ದಳು. ಆದರೆ ಆ ವರ್ಷವೇ ನಮ್ಮೂರ ಹೈಸ್ಕೂಲಿಗೆ ಪ್ರೋತ್ಸಾಹಧನ ಬಂತು. ಗುಲಬರ್ಗಾ ಕಡೆಯ ಯಾವುದೋ ಸಂಸ್ಥೆಯವರು ಕೂಲಿ ಮಾಡುವವರ ಹೆಣ್ಣುಮಕ್ಕಳಿಗೆಂದು ಇಟ್ಟ ದುಡ್ಡು. ತಪ್ಪದೆ ಶಾಲೆಗೆ ಬಂದರೆ ತಿಂಗಳು ತಿಂಗಳು ತಾಯಿಯ ಅಂಚೆ ಖಾತೆಗೆ ಒಂದಿಷ್ಟು. ಲಗ್ನವಾಗದೆ ಹತ್ತನೆಯ ತರಗತಿ ಪಾಸಾದರೆ, ಮುಂದೆ ಓದಲಿಕ್ಕೆ ಒಂದೇ ಗಂಟಾಗಿ ದೊಡ್ಡ ಮೊತ್ತ, ಹುಡುಗಿಯ ಹೆಸರಿಗೆ. ಇದನ್ನು ನೋಡಿಕೊಳ್ಳುವವರು ವಿಜ್ಞಾನ ಕಲಿಸುವ ಅಖ್ತರಬೇಗಂ ಅಕ್ಕೋರು. ದಿನಾ ಶಹಾಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ.

ಆ ದುಡ್ಡಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಿಮ್ಮಪ್ಪನೇ. ಎದುರಿಗೇ ಕೂತಿದ್ದಾನಲ್ಲ, ಇಲ್ಲವೆನ್ನಲಿ ನೋಡೋಣ. ಚಹಾದ ಹೋಟೆಲಿನಲ್ಲಿ ಕೂತು 'ನಮ್ಮ ಸುಂದ್ರಿ ನೆಳ್ಳಾಗ ಕುಂತು ಕೂಲಿ ತರ್ತಾಳ' ಎನ್ನುತ್ತಿದ್ದ. ಒಂದು ಸಲ ಅವಳಿಗೆ ಜ್ವರ ಬಂದಾಗ, ಹಾಜರಿ ತಪ್ಪಬಾರದೆಂದು ಪಕ್ಕದ ಮನೆಯ ಗುರಪ್ಪನ ಸೈಕಲ್ಲು ಇಸಿದುಕೊಂಡು, ಹಿಂದೆ ಕೂರಿಸಿಕೊಂಡು ಶಾಲೆಗೆ ಮುಟ್ಟಿಸಿ, ಶಾಲೆ ಬಿಡುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕಾದು ಕೂತಿದ್ದ. ಅಂಥ ಅಪ್ಪನ ಮೇಲೆ ನನಗೆ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ.

ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಸೋದರತ್ತೆ ಶೇಖಮ್ಮ ಸುರಪುರದ ಕಡೆಯಿಂದ ಬಂದಳು. ತಾಯಿ ಸತ್ತ ಮೇಲೆ ನಿಮ್ಮಪ್ಪನನ್ನು ಎತ್ತಿ ಬೆಳೆಸಿದವಳು ಅವಳು. ಅವಳ ಮಾತಿಗೆ ಅವನು ಎದುರಾಡಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಉಂಡು ಕೈ ತೊಳೆದುಕೊಂಡು ಅವಳು ಮಾತು ತೆಗೆದಳು:

"ತಮ್ಮಾ, ನನ್ನ ಮಗ ಚಂದ್ರಾಮಪ್ಪಗ ನಿನ್ನ ಸುಂದ್ರಿನ್ನ ಕೊಡು. ಶಿವರಾತ್ರಿ ಮುಗದ ಮ್ಯಾಲಿನ ಸೋಮವಾರ ನಮ್ಮ ಮನ್ಯಾಗ ನಾಕು ಮಂದಿ ನಡುವ ತಾಳಿ ಕಟ್ಟಿಸಿಬಿಡೋಣು. ಹಂದರ ಬ್ಯಾಡ, ಬಾಜಾ ಬ್ಯಾಡ."

ಪರೀಕ್ಷೆ ಹತ್ತಿರ ಬಂದಿದೆ, ಹುಡುಗಿಗೆ ಇನ್ನೂ ಹದಿನಾರು ಎಂದು ನಾನು ಹೇಳಿದೆ. ಅವಳು ನಕ್ಕಳು.

"ಪರೀಕ್ಷಾ ಬರೀಲಿ, ಯಾರು ಬ್ಯಾಡ ಅಂದಾರ? ಸೋಮವಾರ ತಾಳಿ ಕಟ್ಟೋದು, ಮಂಗಳವಾರ ಬಿಚ್ಚಿ ಡಬ್ಬ್ಯಾಗ ಇಟ್ಟು ಸಾಲಿಗಿ ಹೋಗೋದು. ಪಾಸಾಗಿ ಆ ಗಂಟು ಕೈಗಿ ಬಂತಂದ್ರ ನಾವು ಬಂದು ಕರ್ಕೊಂಡು ಹೋಗ್ತೀವಿ. ಚಂದ್ರಾಮ ಒಂದು ಹಳೇ ಟೆಂಪೋ ನೋಡಿಟ್ಟಾನ. ವರದಕ್ಷಿಣಿ ಅಂತ ನಿನ್ನ ಕಡಿಂದ ಒಂದು ರೂಪಾಯಿ ಕೇಳಂಗಿಲ್ಲ ನಾ."

ಸುಂದ್ರಿ ನೀರಿನ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಕೊಡ ಇಳಿಸಿ, ಅಪ್ಪನ ಮುಂದೆ ಬಂದು, "ಅಪ್ಪಾ, ನಾ ತಾಳಿ ಬಿಚ್ಚಿಟ್ಟು ಸಾಲಿಗಿ ಹೋಗಬೇಕೇನು?" ಎಂದು ಕೇಳಿದಳು. ಅವನು ಎಲೆ ಅಡಿಕೆ ಹುಡುಕುತ್ತ ಕೂತ.

ಶೇಖಮ್ಮ ಹೋದ ಮೇಲೆ ನಾವಿಬ್ಬರೂ ಜಗಳವಾಡಿದೆವು. "ಅಕ್ಕೋರು ತಿಂಗಳಾ ಈ ಹುಡುಗಿಗಿ ಲಗ್ನ ಆಗಿಲ್ಲಂತ ಬರದು ಕಳಸ್ತಾರ. ಅವರನ್ನ ಸುಳ್ಳುಗಾರ್ರು ಮಾಡೋಣೇನು?" ಎಂದೆ. "ಯಾರಿಗಿ ಗೊತ್ತಾಗ್ತದ?" ಎಂದ. "ಹುಡುಗಿಗಿ ಗೊತ್ತಿರ್ತದಲ್ಲ" ಎಂದೆ. ಆಗ ಅವನು ಹೇಳಿದ ಮಾತು ನನ್ನ ಬಾಯಿ ಕಟ್ಟಿಬಿಟ್ಟಿತು:

"ನೀ ಅಡ್ಡ ಬಂದ್ರ ನಾಳಿಂದ ಸಾಲೀನೇ ಬಿಡಸ್ತೀನಿ. ಲಗ್ನ ಹ್ಯಾಂಗೂ ಆಗ್ತದ."

ಅವನು ಹಾಗೆ ಮಾಡುವವನೇ. ಅದಕ್ಕೇ ನಾನು ಸುಮ್ಮನಾದೆ. ಶಾಲೆಗೆ ಹೋಗುವ ಒಂದೊಂದು ಬೆಳಗೂ ಉಳಿಯಲಿ ಎಂದು ಸುಮ್ಮನಾದೆ. ಅವನು ಅದನ್ನು ಒಪ್ಪಿಗೆ ಎಂದು ತಿಳಿದ.

ಶಹಾಪುರದ ಸಂತೆಗೆಂದು ಹೇಳಿ ನಾನು ಅಕ್ಕೋರ ಮನೆಗೆ ಹೋಗಿದ್ದೆ. ಇದನ್ನೂ ಅವನಿಗೆ ಓದಿ ಹೇಳು, ಮುಚ್ಚಿಡುವುದೇನಿಲ್ಲ. ಅಕ್ಕೋರು ಎಲ್ಲ ಕೇಳಿ ಮುಖ ಕೆಂಪು ಮಾಡಿಕೊಂಡರು. "ಕಾನೂನು ಅದ ದೇವಕ್ಕ. ಪೊಲೀಸರಿಗಿ ಒಂದು ಮಾತು ಹೇಳಿದ್ರ ಸಾಕು" ಎಂದರು. ನಾನು ಕೈ ಮುಗಿದೆ. "ಪೊಲೀಸರು ಒಂದಿನ ಬರ್ತಾರ್ರಿ ಅಕ್ಕೋರ. ನಾವು ಆ ಮನ್ಯಾಗ ದಿನಾ ಬಾಳೇವು ಮಾಡಬೇಕು. ಅಪ್ಪನ್ನ ಠಾಣಾಕ್ಕ ಒಯ್ದ್ರ ಆಕಿ ಹ್ಯಾಂಗ ಪರೀಕ್ಷಾ ಬರೀತಾಳ್ರಿ?" ಎಂದೆ. ನಿಮ್ಮಪ್ಪನನ್ನು ಅವತ್ತು ಉಳಿಸಿದ್ದು ನಾನು ಎಂದು ಅವನಿಗೆ ಗೊತ್ತಿರಲಿ. ಅಕ್ಕೋರು "ಲಗ್ನದ ಮೊದಲ ನಾ ನಿಮ್ಮ ಮನಿಗಿ ಬರ್ತೀನಿ, ಆಕಿ ಅಪ್ಪನ ಕೂಡ ಮಾತಾಡ್ತೀನಿ" ಎಂದಷ್ಟೇ ಹೇಳಿದರು. ಮಾತಿನಿಂದ ಏನಾದೀತು ಎಂದು ನನಗೂ ನಂಬಿಕೆ ಇರಲಿಲ್ಲ.

ಲಗ್ನದ ಹಿಂದಿನ ಶನಿವಾರ ಶೇಖಮ್ಮ ಹಸಿರು ಸೀರೆ, ಬಳೆ ಹಿಡಿದುಕೊಂಡು ಬಂದಳು. ಸುಂದ್ರಿಯನ್ನು ಮಧ್ಯಾಹ್ನದ ಬಸ್ಸಿಗೆ ಸುರಪುರಕ್ಕೆ ಕರೆದೊಯ್ಯುವುದು, ನಾವಿಬ್ಬರು ಭಾನುವಾರ ಹೋಗುವುದು ಎಂದು ಮಾತಾಗಿತ್ತು. ನಿಮ್ಮಪ್ಪ ಅವಳ ಬಟ್ಟೆಯ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದ. ಶನಿವಾರ ಬೆಳಗಿನ ಶಾಲೆ. ಸುಂದ್ರಿ ಬಂದಳು, ಅವಳ ಹಿಂದೆಯೇ ಅಕ್ಕೋರು ಬಂದರು. ಶೇಖಮ್ಮ ಗಡಬಡಿಸಿ ಸೀರೆಯನ್ನು ಮಗ್ಗುಲಿಗೆ ಸರಿಸಿ, "ಬರ್ರಿ ಅಕ್ಕೋರ, ಕುಂದರ್ರಿ. ಸುಂದ್ರಿನ್ನ ಎರಡು ದಿನ ನಮ್ಮೂರಾಗ ಇಟ್ಕೊಂಡು ಕಳಸ್ತೀನಿ" ಎಂದಳು.

"ಪರೀಕ್ಷಾ ಮುಂದಿಟ್ಕೊಂಡು ಊರಿಗ್ಯಾಕ?" ಎಂದರು ಅಕ್ಕೋರು.

ಸೀರೆಯ ಅಂಚು ಶೇಖಮ್ಮನ ತೊಡೆಯ ಕೆಳಗಿನಿಂದ ಕಾಣುತ್ತಿತ್ತು. ಅಕ್ಕೋರು ಅದನ್ನು ನೋಡಿದರು. ನಿಮ್ಮಪ್ಪ ಅಕ್ಕೋರು ನೋಡಿದ್ದನ್ನು ನೋಡಿದ. ಆಗ ಸುಂದ್ರಿ ಎಲ್ಲರ ನಡುವೆ ಬಂದು ನಿಂತಳು.

"ಅಕ್ಕೋರ, ನನ್ನ ಹೆಸರು ತೆಗೀರಿ."

"ಯಾವ ಹೆಸರು?"

"ರೊಕ್ಕ ಬರೋ ಹುಡುಗ್ಯಾರೊಳಗ ನಂದೂ ಒಂದು ಹೆಸರು ಅದಲ್ರಿ, ಅದು. ನನಗ ಆ ರೊಕ್ಕ ಬ್ಯಾಡ. ಬರೇ ಸಾಲಿ ಇರಲಿ."

"ಏ, ತಲಿ ಕೆಟ್ಟದೇನು?" ಎಂದು ನಿಮ್ಮಪ್ಪ ಎದ್ದ.

"ಅಪ್ಪಾ, ನಾ ಲಗ್ನ ಆಗದ ಓದಲಿ ಅಂತ ಕೊಡೋ ರೊಕ್ಕ ಅದು. ಅದ ರೊಕ್ಕಕ್ಕ ಲಗ್ನ ಮಾಡಾಕ ಬಂದಾರ. ಆ ರೊಕ್ಕ ಇರಲಿಲ್ಲಂದ್ರ ಅತ್ತಿ ಬರ್ತಿದ್ಲೇನು? ನೀನ ಕೇಳು."

ನಿಮ್ಮಪ್ಪ ಅಕ್ಕನ ಮುಖ ನೋಡಿದ. ಅವಳು 'ಬರ್ತಿದ್ದೆ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅಂದೇ ಎಲ್ಲ ಮುಗಿದುಹೋಗುತ್ತಿತ್ತು. ಅವಳು ಅನ್ನಲಿಲ್ಲ. ಅಕ್ಕೋರ ಕಡೆ ತಿರುಗಿ, "ಸಣ್ಣ ಹುಡುಗಿ ಮಾತು, ಮನಸಿಗಿ ಹಚ್ಕೋಬ್ಯಾಡ್ರಿ" ಎಂದಳು.

ಅಕ್ಕೋರು ಸುಂದ್ರಿಯನ್ನೇ ನೋಡುತ್ತಿದ್ದರು. "ವಿಚಾರ ಮಾಡಿ ಹೇಳಾಕತ್ತೀಯೇನು? ಒಮ್ಮಿ ಹೋದ ಹೆಸರು ಹೊಳ್ಳಿ ಬರಂಗಿಲ್ಲ."

"ಹೋಗಲ್ರಿ."

"ಮುಂದ ಓದಾಕ ಏನು ಮಾಡ್ತಿ?"

ಸುಂದ್ರಿಯ ಕಣ್ಣಲ್ಲಿ ನೀರು ತುಂಬಿತು, ಆದರೂ ತಲೆ ಅಲ್ಲಾಡಿಸಿ "ತೆಗೀರಿ" ಎಂದಳು. ಅಕ್ಕೋರು ಎದ್ದು ನಿಂತರು. "ಹಂಗಾದ್ರ ಆಯ್ತು, ನಿನ್ನ ಹೆಸರು ಹೋಯ್ತು" ಎಂದು ಶೇಖಮ್ಮನ ಕಡೆ ನೋಡಿ, "ಇನ್ನ ಈ ಹುಡುಗಿಗಿ ಒಂದು ಪೈಸಾ ಬರಂಗಿಲ್ಲ. ಏನು ಮಾಡ್ತೀರಿ ಮಾಡ್ರಿ" ಎಂದು ಹೊರಟೇಬಿಟ್ಟರು. ಶೇಖಮ್ಮ ಓಣಿಯ ತಿರುವಿನ ತನಕ ಅವರ ಹಿಂದೆ ಓಡಿದಳು. ತಿರುಗಿ ಬಂದವಳೇ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು, "ಬರೇ ಕೈಲೆ ಹುಡುಗೀನ್ನ ಒಯ್ದ್ರ ನಾ ಚಂದ್ರಾಮಗ ಏನಂತ ಹೇಳಲಿ ತಮ್ಮಾ? ಮುಂದ ನೋಡೋಣು" ಎಂದಳು. ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೋದಳು.

ಮಲ್ಲಿಕಮ್ಮ, ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು. ನಿಮ್ಮಪ್ಪ ಸುಂದ್ರಿಯ ಮೇಲೆ ಕೈ ಎತ್ತಿದ. ನಾನು ನಡುವೆ ನಿಂತೆ. ಕೈ ಇಳಿಸಿದ, ಆದರೆ ಅವಳ ಪುಸ್ತಕದ ಚೀಲ ಎತ್ತಿ ಹೊರಗೆ ಒಗೆದ. ಅದು ಬಚ್ಚಲ ನೀರಿಗೆ ಬಿತ್ತು. "ಪರೀಕ್ಷಾ ಹ್ಯಾಂಗ ಬರೀತಾಳ ನಾನೂ ನೋಡ್ತೀನಿ" ಎಂದು ಹೇಳಿ, ಬಾಗಿಲಲ್ಲಿದ್ದ ಸುಂದ್ರಿಯ ಬಟ್ಟೆಯ ಚೀಲವನ್ನೇ ಎತ್ತಿಕೊಂಡು, ಅದರಲ್ಲಿ ಏನಿದೆ ಎಂದೂ ನೋಡದೆ ಅಕ್ಕನ ಊರಿನ ದಾರಿ ಹಿಡಿದ. ಅವಳ ಎರಡು ಲಂಗ ಈಗಲೂ ಅವನ ಹತ್ತಿರವೇ ಇವೆ. ನಾವು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮಾಳಿಗೆಯ ಮೇಲೆ ಒಣಗಿಸಿದೆವು.

ಅವನ ಆ ಮಾತು ನನ್ನನ್ನು ಬಿಡಲಿಲ್ಲ. ಪರೀಕ್ಷೆ ಶಹಾಪುರದಲ್ಲಿತ್ತು. ಕೂಲಿ ಬಿಟ್ಟು ದಿನಾ ಅವಳ ಜೊತೆ ಬಸ್ಸಿಗೆ ಹೋದೆ. ಅವಳು ಒಳಗೆ ಬರೆಯುವಷ್ಟು ಹೊತ್ತು ಗೇಟಿನ ಎದುರು ಕೂತಿರುತ್ತಿದ್ದೆ. ಸೆರಗಿನ ಒಳಗೆ ಕುಡುಗೋಲು ಇತ್ತು. ಯಾರ ಮೇಲೆ ಎತ್ತುತ್ತಿದ್ದೆನೋ ನನಗೇ ಗೊತ್ತಿಲ್ಲ. ಬರುವವನು ನಿಮ್ಮಪ್ಪನಾಗಿರಬಾರದು ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ.

ಗಣಿತದ ದಿನ ಚಂದ್ರಾಮಪ್ಪ ಬಂದ. ಇಬ್ಬರು ಗೆಳೆಯರನ್ನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಲ್ಲಿಸಿ, ತಾನು ಗೇಟಿಗೆ ಬಂದು ನಿಂತ. ನಾನೂ ಎದ್ದು ನಿಂತೆ. ಅವನು ನನ್ನನ್ನು ನೋಡಿದರೂ ನೋಡದವನಂತಿದ್ದ. ಗಂಟೆ ಹೊಡೆಯಿತು, ಹುಡುಗರು ಗುಂಪುಗುಂಪಾಗಿ ಹೊರಬಿದ್ದರು, ಸುಂದ್ರಿ ಕಾಣಿಸಿದಳು. ಅವನು ನನಗಿಂತ ಮೊದಲೇ ಅವಳ ಮುಂದೆ ಹೋಗಿ ನಿಂತ. ನಾನು ಜನರನ್ನು ನೂಕಿಕೊಂಡು ಹೋಗುವಷ್ಟರಲ್ಲಿ ಅವನ ಮಾತು ಕೇಳಿಸಿತು:

"ಖರೇನ ಹೆಸರು ತೆಗಿಸೀದಿಯೇನು? ನಮ್ಮವ್ವಗ ಇನ್ನೂ ಅನುಮಾನ ಅದ."

"ತೆಗಿಸೀನಿ" ಎಂದಳು ಸುಂದ್ರಿ. ಅಷ್ಟು ಹೇಳುವಾಗಲೇ ಅವಳ ಕಣ್ಣೀರು ಕೆನ್ನೆಗೆ ಇಳಿಯಿತು. ಅವನು ಆ ಮುಖವನ್ನು ನೋಡಿದ. ನಂಬಿದ.

"ಹಂಗಾದ್ರ ಸುಮ್ನ ಬಸ್ ಛಾರ್ಜ ಹಾಳು" ಎಂದ. "ಯಾದಗಿರಿ ಕಡೀದು ಒಂದು ಸಂಬಂಧ ಬಂದದ. ಅವ್ವಗ ಅದನ್ನ ಮುಗಸು ಅಂತ ಹೇಳ್ತೀನಿ." ಗೆಳೆಯರ ಹತ್ತಿರ ಹೋಗಿ ಕಬ್ಬಿನ ಹಾಲು ಕುಡಿದು ಹೊರಟುಹೋದ.

ನಾನು ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸಿನಲ್ಲಿ ಸುಂದ್ರಿ ಕಿಟಕಿಗೆ ಮುಖ ಕೊಟ್ಟು ಅಳುತ್ತಲೇ ಇದ್ದಳು. ಲಗ್ನ ತಪ್ಪಿದ್ದಕ್ಕಲ್ಲ. "ಯವ್ವಾ, ಲೆಕ್ಕ ಎಲ್ಲಾ ಬರೋಬ್ಬರಿ ಬರದೀನಿ. ಪಾಸ್ ಆಗ್ತೀನಿ. ಆದ್ರ ಪಾಸ್ ಆಗಿ ಎಲ್ಲಿ ಹೋಗಲಿ?" ಎಂದಳು. ಕಾಲುವೆಯ ಸೇತುವೆ ದಾಟುವವರೆಗೆ ನಾನು ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಎಲ್ಲ ಪರೀಕ್ಷೆಗಳೂ ಮುಗಿದವು. ಆಗಿದ್ದು ಇಷ್ಟು. ಅಕ್ಕನ ಮನೆಯಲ್ಲಿ ನಿಮ್ಮಪ್ಪನಿಗೆ ಏನಾಯಿತೆಂದು ಅವನು ನಿನಗೆ ಹೇಳಿರಲಾರ, ನನಗೆ ಜನ ಹೇಳಿದರು. ಯಾದಗಿರಿಯ ಸಂಬಂಧದ ಮಾತು ನಡೆದ ಮೇಲೆ ಅವಳು ಅವನನ್ನು ಊಟಕ್ಕೆ ಕರೆಯುವುದನ್ನೂ ಬಿಟ್ಟಳಂತೆ. ತಾಯಿಯಂತೆ ಸಾಕಿದವಳು ಹಾಗೆ ಮಾಡಿದರೆ ಗಂಡಸಿನ ಎದೆ ಒಡೆಯುತ್ತದೆ. ಅದು ನನಗೆ ತಿಳಿಯುತ್ತದೆ, ಅವನಿಗೆ ಹೇಳು. ಈಗ ನಮ್ಮ ಮನೆಯಲ್ಲಿ ಲಗ್ನದ ಮಾತಿಲ್ಲ. ಸಾಲಿ ರೊಕ್ಕವೂ ಇಲ್ಲ, ಅದರ ಜಗಳವೂ ಇಲ್ಲ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಬೇಸಿಗೆಯ ಭತ್ತ ಕೊಯ್ಲಿಗೆ ಬಂದಿದೆ, ಗಂಡಾಳಿಗೆ ಕೆಲಸವಿದೆ. ಬರಬೇಕೆನಿಸಿದರೆ ಬರಲಿ. ಬಂದರೆ ಬಾಗಿಲು ತೆಗೆಯುವವಳು ಸುಂದ್ರಿಯೇ. ಅವಳಿಗೆ ಅವನು ಒಂದು ಮಾತು ಹೇಳಬೇಕು, ಏನು ಮಾತೆಂದು ಅವನಿಗೇ ಗೊತ್ತಿದೆ. ಆ ಮಾತಿಲ್ಲದೆ ಬರುವುದಾದರೆ ಇನ್ನಷ್ಟು ದಿನ ನಿನ್ನ ಮನೆಯಲ್ಲೇ ಇರಲಿ.

ಕೂಸಿಗೆ ಬಿಸಿಲು ತಾಗದಂತೆ ನೋಡಿಕೋ. ಜೈತುನಬೀ ಕೈಯಲ್ಲಿ ನಿನ್ನ ಅಳತೆಯ ಹಸಿರು ಬಳೆ ಕಳಿಸಿದ್ದೇನೆ, ಅವಳೇ ತೊಡಿಸುತ್ತಾಳೆ.

ನಿನ್ನ ಅವ್ವ,
ದೇವಕ್ಕ

ತಾ.ಕ.: ಈ ಸಣ್ಣ ಹಾಳೆಯನ್ನು ಜೈತುನಬೀ ಬಳೆ ತೊಡಿಸುವಾಗ ನಿನ್ನ ಮುಷ್ಟಿಯಲ್ಲಿ ಇಟ್ಟಿರುತ್ತಾಳೆ. ಒಬ್ಬಳೇ ಓದಿ ಒಲೆಗೆ ಹಾಕು. ಸುಂದ್ರಿಯ ಹೆಸರು ಹೋಗಿಲ್ಲ. ಆ ಶನಿವಾರದ ಮರುದಿನ ಬೆಳಿಗ್ಗೆಯೇ ನಾನು ಶಹಾಪುರಕ್ಕೆ ಅಕ್ಕೋರ ಮನೆಗೆ ಓಡಿದ್ದೆ. ಹೇಗಾದರೂ ಹೆಸರು ಉಳಿಸಿ ಎಂದು ಕಾಲು ಹಿಡಿಯಲು ಹೋದವಳನ್ನು ಅವರು ಎತ್ತಿ ನಿಲ್ಲಿಸಿ, "ಲಗ್ನ ಆಗಿಲ್ಲ, ಸಾಲಿ ತಪ್ಪಿಸಿಲ್ಲ. ಏನು ಕಾರಣ ಬರದು ತೆಗೀಲಿ? ನಾ ಬಾಯಿಲೆ ಅಷ್ಟ ಹೇಳಿ ಬಂದೀನಿ" ಎಂದರು. ತಿಂಗಳ ದುಡ್ಡು ಬರುತ್ತಲೇ ಇದೆ, ನಾನು ಮುಟ್ಟಿಲ್ಲ. ಫಲಿತಾಂಶ ಬಂದು, ಯಾದಗಿರಿಯ ಕಾಲೇಜಿಗೆ ಹಚ್ಚಿ, ಹಾಸ್ಟೆಲಿನಲ್ಲಿ ಅವಳನ್ನು ಬಿಟ್ಟು ಬರುವವರೆಗೆ ಇದು ನಿನಗೆ, ನನಗೆ, ಅಕ್ಕೋರಿಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು. ಶೇಖಮ್ಮನ ಕಿವಿಗೆ ಬಿದ್ದರೆ ಆ ಸೀರೆ ಮತ್ತೆ ಬರುತ್ತದೆ. ಸುಂದ್ರಿಗೂ ಹೇಳಿಲ್ಲ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಪ್ಪ ಬಂದು ತಲೆ ಸವರಿದರೆ ಎಲ್ಲ ಹೇಳಿಬಿಡುತ್ತಾಳೆ. ಅವತ್ತು ಗೇಟಿನಲ್ಲಿ ಚಂದ್ರಾಮಪ್ಪನನ್ನು ತಿರುಗಿ ಕಳಿಸಿದ್ದು ನನ್ನ ಕುಡುಗೋಲಲ್ಲ, ಅವಳ ಕಣ್ಣೀರು. ಕಾಲೇಜಿಗೆ ತಾನೇ ರೊಕ್ಕ ಕೂಡಿಸುತ್ತೇನೆಂದು ನಾಳೆಯಿಂದ ಅವಳು ಶೇಂಗಾ ಕೀಳುವ ಕೂಲಿಗೆ ಹೊರಟಿದ್ದಾಳೆ. ಬೆಳಿಗ್ಗೆ ನಾನೇ ಎಬ್ಬಿಸಿ, ರೊಟ್ಟಿ ಕಟ್ಟಿಕೊಟ್ಟು, ಬಿಸಿಲಿಗೆ ಕಳಿಸಬೇಕು. ಕಳಿಸುತ್ತೇನೆ.